ಭೈರ ದಳವಾಯಿಯ ನಾಲ್ಕನೆಯ ಸಾವು

ಸತ್ತವರನ್ನು ಎಬ್ಬಿಸಿ ಕೂರಿಸುವುದರಲ್ಲಿ ಬಸವಕಿರಣ್‌ನಷ್ಟು ಕೈ ಪಳಗಿದವನು ದಾವಣಗೆರೆಯಲ್ಲಿ ಇನ್ನೊಬ್ಬನಿರಲಿಲ್ಲ. ಹಾಗಂತ ಅವನೇನು ಡಾಕ್ಟರಲ್ಲ, ಮಂತ್ರವಾದಿಯೂ ಅಲ್ಲ. ಮಂಡಿಪೇಟೆಯಲ್ಲಿ ಅಪ್ಪ ಉಜ್ಜನಪ್ಪನವರ ಹಗ್ಗ, ತಾಡಪಾಲಿನ ಅಂಗಡಿ ನೋಡಿಕೊಳ್ಳುವ ಮೂವತ್ತೆರಡರ ಗಂಡಸು. ವಾರದ ಆರು ದಿನ ನೈಲಾನ್ ಹಗ್ಗವನ್ನು ಮಾರು ಹಾಕಿ ಅಳೆದು ಕೊಡುತ್ತಿದ್ದ. ಭಾನುವಾರ ಮಧ್ಯಾಹ್ನ ಮಾತ್ರ ವಿದ್ಯಾನಗರದ ಮನೆಯ ಮೇಲಿನ ಕೋಣೆಯಲ್ಲಿ ಏಳು ಕೋಟೆಗಳ ಒಂದು ರಾಜ್ಯಕ್ಕೆ ದೇವರಾಗುತ್ತಿದ್ದ.

ಆಟ ಇಷ್ಟೇ. ಮೇಜಿನ ಸುತ್ತ ಕೂತವರು ತಲೆಗೊಂದು ಪಾತ್ರ ಕಟ್ಟಿಕೊಳ್ಳುತ್ತಾರೆ. ಪಾತ್ರದ ಹೆಸರು, ಬಲ, ಬುದ್ಧಿ, ಆದ ಗಾಯ ಎಲ್ಲವೂ ಒಂದು ಹಾಳೆಯಲ್ಲಿರುತ್ತದೆ. ಆಡಿಸುವವನು ಕಥೆ ಹೇಳುತ್ತ ಹೋಗುತ್ತಾನೆ: ಎದುರಿಗೆ ಹೊಳೆ ಇದೆ, ಆಚೆ ದಡದಲ್ಲಿ ಶತ್ರುಗಳಿದ್ದಾರೆ, ಈಗ ಏನು ಮಾಡುತ್ತೀರಿ? ಆಡುವವರು ತಮಗೆ ತೋಚಿದ್ದು ಹೇಳುತ್ತಾರೆ. ಅದು ನಡೆಯಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ: ಹೆಚ್ಚು ಬಿದ್ದರೆ ಗೆಲುವು, ಕಡಿಮೆ ಬಿದ್ದರೆ ಸೋಲು. ಆಡಿಸುವವನಿಗೆ ಇಂಗ್ಲಿಷಿನಲ್ಲಿ ಗೇಮ್ ಮಾಸ್ಟರ್ ಎನ್ನುತ್ತಾರಂತೆ. ನಮ್ಮ ಕಡೆ ಊರ ನಾಟಕ ಕಲಿಸುವವನಿಗೆ ಮಾಸ್ತರ್ ಎಂಬ ಹೆಸರು ಮೊದಲಿಂದಲೂ ಇರುವುದರಿಂದ ಬಸವಕಿರಣ್ ಕೂಡ ಮಾಸ್ತರನೇ ಆದ.

ಆಡಲು ಬರುತ್ತಿದ್ದವರು ಮೂವರು. ಪಕ್ಕದ ರಸ್ತೆಯ ಆಶಾ, ಕಾಲೇಜಿನಲ್ಲಿ ಗಣಿತ ಹೇಳುವವಳು. ಔಷಧಿ ಕಂಪನಿಯ ರೆಪ್ ಆಗಿದ್ದ ಮಹೇಂದ್ರ, ಬಸವಕಿರಣ್‌ನ ಸೋದರತ್ತೆಯ ಮಗ. ಮೂರನೆಯವನು ಕಾಂತರಾಜ್. ಹದಡಿಯ ದುರುಗಣ್ಣನ ಮಗ, ಡಿಗ್ರಿಯಲ್ಲಿ ಬಸವಕಿರಣ್‌ನ ಬೆಂಚಿನವನು. ಈಗ ಕರೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಲೇಥ್ ಮೆಷಿನ್ ಮೇಲೆ ಕೆಲಸ. ಮದುವೆಯಾದ ಮೇಲೆ ಹರಿಹರದಲ್ಲಿ ಬಾಡಿಗೆ ಮನೆ ಮಾಡಿದ್ದ. ವಾರವೆಲ್ಲ ಕಬ್ಬಿಣ ಕೊರೆದವನು ಭಾನುವಾರವಾದರೂ ಕಾಲು ಚಾಚಿ ಮಲಗುವುದು ಬಿಟ್ಟು, ಹರಿಹರದಿಂದ ಬಸ್ಸು ಹತ್ತಿ, ಇಳಿದು, ಇನ್ನೊಂದು ಸಿಟಿ ಬಸ್ಸು ಹಿಡಿದು ವಿದ್ಯಾನಗರಕ್ಕೆ ಬರುತ್ತಿದ್ದ. ನಾಲ್ಕು ವರ್ಷದಲ್ಲಿ ಒಂದು ಭಾನುವಾರವೂ ತಪ್ಪಿಸಿರಲಿಲ್ಲ. ಅವನ ಪಾತ್ರದ ಹೆಸರು ಭೈರ ದಳವಾಯಿ.

ಆಟದಲ್ಲಿ ಪಾತ್ರಗಳು ಸಾಯುತ್ತವೆ. ಬೇರೆ ಕಡೆ ಆಡುವವರು ಸತ್ತವನ ಹಾಳೆ ಹರಿದು ಹಾಕಿ ಹೊಸ ಹಾಳೆ ತೆಗೆಯುತ್ತಾರೆ. ಬಸವಕಿರಣ್‌ಗೆ ಅದು ಒಗ್ಗದು. ಅವನ ರಾಜ್ಯದಲ್ಲಿ ಸತ್ತವರೆಲ್ಲ ಎದ್ದು ಬಂದಿದ್ದರು, ಅದೂ ಯಾರೂ ಊಹಿಸದ ದಾರಿಯಲ್ಲಿ. ಮಹೇಂದ್ರನ ಕಳ್ಳನನ್ನು ಗಲ್ಲಿಗೇರಿಸಿದಾಗ ನೇಣಿನ ಹಗ್ಗ ಕಳಪೆ ಸೆಕೆಂಡ್ಸ್ ಮಾಲು ಎಂದು ಮಾಡಿ, ಅದನ್ನು ಮಾರಿದ ವ್ಯಾಪಾರಿಯ ಮೇಲೆ ಅರಮನೆಯಲ್ಲಿ ವಿಚಾರಣೆ ನಡೆಸಿ, ಕಳ್ಳನನ್ನು ಸಾಕ್ಷಿ ಹೇಳುವುದಕ್ಕೆಂದೇ ಎಬ್ಬಿಸಿದ್ದ. ಆ ಹಗ್ಗದ ಅಂಗಡಿ ಯಾರದೆಂದು ಎಲ್ಲರಿಗೂ ಗೊತ್ತಾಗಿ ನಕ್ಕಿದ್ದೇ ನಕ್ಕಿದ್ದು. "ಸತ್ತೋನು ಸುಮ್ಮನೆ ಎದ್ದು ಬರಬಾರ್ದು. ಏನಾದ್ರೂ ಕಳಕಂಡು ಬರಬೇಕು" ಎಂಬುದು ಅವನ ಸಿದ್ಧಾಂತ. ಯಾರು ಕಳೆದುಕೊಳ್ಳಬೇಕು ಎಂದು ಮಾತ್ರ ಪುಣ್ಯಾತ್ಮ ಯೋಚಿಸಿದವನಲ್ಲ.

ಅಡುಗೆಮನೆಯ ಬಾಗಿಲಿನಿಂದ ಮೇಲಿನ ಕೋಣೆಗೆ ಹನ್ನೆರಡು ಮೆಟ್ಟಿಲು. ನಾಲ್ಕು ಗಂಟೆಗೆ ಸರಿಯಾಗಿ ಅವನ ಅವ್ವ ಶಕುಂತಲಮ್ಮ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಚಹಾ ಇಟ್ಟುಕೊಂಡು ಮೇಲೆ ಬರುತ್ತಿದ್ದರು. ಚಹಾ ಪೇಪರ್ ಕಪ್ಪಿನಲ್ಲಿ. ಶನಿವಾರ ಅಂಗಡಿ ಮುಚ್ಚಿ ಬರುವಾಗ ಒಂದು ಪ್ಯಾಕೆಟ್ ಕಪ್ಪು ತರುವುದು ಬಸವಕಿರಣ್‌ನ ಕೆಲಸ. ಅವ್ವನಿಗೆ ಲೋಟ ತೊಳೆಯುವ ಕಷ್ಟ ತಪ್ಪಿತಲ್ಲ ಎಂದು ಅವನಿಗೆ ಅದರಲ್ಲಿ ಒಂದು ಹೆಮ್ಮೆಯೂ ಇತ್ತು.

ಆಷಾಢದ ಒಂದು ಭಾನುವಾರ, ಆಟದ ನಡುವೆ ಕಾಂತರಾಜ್ ನೀರು ಕುಡಿಯಲು ಕೆಳಗೆ ಹೋದ. ಹೋದವನು ಸ್ವಲ್ಪ ಹೊತ್ತಿನ ಮೇಲೆ ಪೇಪರ್ ಕಪ್ಪಿನಲ್ಲಿ ನೀರು ಹಿಡಿದುಕೊಂಡೇ ಮೇಲೆ ಬಂದು, ಕುಡಿಯದೆ ಅದನ್ನು ಮೇಜಿನ ಮೇಲಿನ ಆಟದ ನಕ್ಷೆಯ ಪಕ್ಕ ಇಟ್ಟ. ಅವತ್ತು ಕಥೆಯಲ್ಲಿ ಹೊಳೆ ದಾಟುವ ಸನ್ನಿವೇಶ. ಬೆನ್ನಟ್ಟಿ ಬಂದ ಇನ್ನೂರು ಸವಾರರಿಗೆ ಸಿಗದಂತೆ ಸೇತುವೆ ದಾಟಿ ಓಡಿಹೋಗುವುದು ಎಲ್ಲರಿಗೂ ಸುಲಭವಾಗಿತ್ತು.

"ನಾನು ಇಲ್ಲೇ ನಿಲ್ತೀನಿ" ಎಂದ ಕಾಂತರಾಜ್.

"ಯಾಕ? ಅವರು ಇನ್ನಾ ದೂರ ಅದಾರೆ. ಓಡಿದ್ರೆ ಆತು" ಎಂದಳು ಆಶಾ.

"ಬ್ಯಾಡವ್ವ. ನೀವು ಹೋಗ್ರಿ. ಭೈರ ಇಲ್ಲೇ ನಿಲ್ತಾನ."

ಮೂರು ಬಾರಿ ದಾಳ ಹಾಕಿದ. ನಾಲ್ಕು, ಎರಡು, ಮೂರು ಬಿದ್ದವು. ಭೈರ ದಳವಾಯಿ ಸೇತುವೆಯ ಮೇಲೆ ಒಂಟಿಯಾಗಿ ಸತ್ತ. ಬಸವಕಿರಣ್ ಆ ಸಾವನ್ನು ಎಷ್ಟು ಚಂದ ವರ್ಣಿಸಿದನೆಂದರೆ ಆಶಾಳ ಕಣ್ಣಲ್ಲಿ ನೀರು ಬಂತು. ಕಾಂತರಾಜ್ ಎದ್ದು ಚಪ್ಪಲಿ ಮೆಟ್ಟಿಕೊಂಡು, "ಚಲೋ ಸತ್ತ ಬಿಡಪ್ಪ. ನಾಲ್ಕು ವರ್ಷ ಸಾಕು" ಎಂದ. ಆ ಮಾತು ಭೈರನಿಗೆ ಹೇಳಿದ್ದೆಂದು ಬಸವಕಿರಣ್ ತಿಳಿದ.

ನಮ್ಮ ಜನರ ಒಂದು ರೋಗ ಇದು. ನಿಮ್ಮ ಮನೆಗೆ ಇನ್ನು ಬರುವುದಿಲ್ಲ ಎಂದು ಮುಖಕ್ಕೆ ಹೇಳಲು ನಾಲಿಗೆ ಏಳುವುದಿಲ್ಲ. ಹೊಟ್ಟೆ ಸರಿಯಿಲ್ಲ ಎನ್ನುತ್ತೇವೆ, ಊರಿಂದ ನೆಂಟರು ಬಂದಿದ್ದಾರೆ ಎನ್ನುತ್ತೇವೆ. ಕಾಂತರಾಜ್‌ಗೆ ಇವೆಲ್ಲಕ್ಕಿಂತ ಮರ್ಯಾದೆಯ ದಾರಿ ಕಂಡಿತ್ತು, ಪಾತ್ರವನ್ನು ಸಾಯಿಸಿ ಎದ್ದು ಬರುವುದು. ಸತ್ತವನನ್ನು ಯಾರು ತಾನೇ ಆಟಕ್ಕೆ ಕರೆಯುತ್ತಾರೆ? ಆದರೆ ಅವನ ಗೆಳೆಯ ಸತ್ತವರನ್ನು ಎಬ್ಬಿಸುವುದರಲ್ಲಿ ಹೆಸರುವಾಸಿ ಎಂಬುದನ್ನು ಅವನು ಮರೆತ. ಈ ಕಡೆ ಬಸವಕಿರಣ್‌ನಂಥ ಪೆದ್ದ ಆ ಸಾವನ್ನು ಬರೀ ಕಥೆಯೆಂದು ತಿಳಿದ.

ಶನಿವಾರ ಸಂಜೆ ಬಸವಕಿರಣ್ ಫೋನ್ ಮಾಡಿದ. "ನಾಳೆ ಬಾರಲೇ ದೋಸ್ತ, ಭೈರ ಬದುಕಿದಾನೆ."

"ಸತ್ತನಲ್ಲೋ."

"ಯಮಲೋಕದ ಆಫೀಸಿನಾಗೆ ಮಿಸ್ಟೇಕ್ ಆಗೈತೆ. ನೀ ಬಾ, ಹೇಳ್ತೀನಿ."

ನಿಜವಾಗಿ ಅದು ಸೊಗಸಾದ ಭಾನುವಾರ. ಚಿತ್ರಗುಪ್ತನ ಲೆಕ್ಕದ ಪ್ರಕಾರ ಸಾಯಬೇಕಾಗಿದ್ದವನು ಪಕ್ಕದ ಊರಿನ ಇನ್ನೊಬ್ಬ ಭೈರ. ತಪ್ಪು ಹೆಸರಿಗೆ ಟಿಕ್ ಬಿದ್ದಿದೆ. ಸರಿಪಡಿಸಬೇಕೆಂದರೆ ತಾನು ಬದುಕಿದ್ದೇನೆಂದು ಭೈರನೇ ಅರ್ಜಿ ಕೊಡಬೇಕು, ಅರ್ಜಿ ಕೊಡಲು ಅವನು ಬದುಕಿರಬೇಕು. ಒಂದು ಕೌಂಟರಿನಿಂದ ಇನ್ನೊಂದು ಕೌಂಟರಿಗೆ ಅಲೆಸಿ, ನಾಳೆ ಬಾ ಎನಿಸಿ, ಸಾಹೇಬರು ಊಟಕ್ಕೆ ಹೋಗಿದ್ದಾರೆ ಎನಿಸಿ, ಕಡೆಗೆ ಕೋಣನಿಗೆ ಹುಲ್ಲು ಹಾಕಿ ಒಲಿಸಿಕೊಂಡು ದಳವಾಯಿಯನ್ನು ಭೂಮಿಗೆ ಕರೆತಂದರು. ಕಾಂತರಾಜ್ ಕೂಡ ನಕ್ಕ. ತಾಲ್ಲೂಕು ಕಚೇರಿಯಲ್ಲಿ ಅಪ್ಪ ದುರುಗಣ್ಣ ಪಹಣಿಗಾಗಿ ಅಲೆದದ್ದೆಲ್ಲ ನೆನಪಾಯಿತೇನೋ, ಕೌಂಟರಿನವನ ದನಿಯನ್ನು ಅವನೇ ಮಾಡಿ ತೋರಿಸಿದ. ನಾಲ್ಕು ಗಂಟೆಗೆ ಚಹಾ ಬಂತು, ಕಪ್ಪು ಕೈಗೆ ತೆಗೆದುಕೊಂಡ, ನಗು ನಿಂತಿತು.

ಎರಡು ವಾರ ಕಳೆಯಿತು. ಕಥೆಯಲ್ಲಿ ಐದನೆಯ ಕೋಟೆಯ ಅರಸ ಔತಣಕ್ಕೆ ಕರೆದ. ಆಶಾಳ ಪಾತ್ರವಾದ ವೈದ್ಯೆಗೂ ಮಹೇಂದ್ರನ ಕಳ್ಳನಿಗೂ ಬಂಗಾರದ ಬಟ್ಟಲಲ್ಲಿ ಪಾನಕ ಬಂತು. ಭೈರನಿಗೆ ಮಣ್ಣಿನ ಬಟ್ಟಲಲ್ಲಿ ಬಂತು. ಅದರಲ್ಲಿ ವಿಷವಿದೆ ಎಂಬುದಕ್ಕೆ ಇದೇ ಸುಳಿವು. ಯಾವನೇ ಆದರೂ ಅನುಮಾನಪಟ್ಟು ದಾಳ ಹಾಕುತ್ತಾನೆ, ಅಲ್ಲಿಂದ ಜಗಳ ಶುರುವಾಗುತ್ತದೆ ಎಂದು ಮಾಸ್ತರನ ಲೆಕ್ಕಾಚಾರ.

"ನಂಗೊಬ್ಬಂಗೇ ಮಣ್ಣಿಂದಾ?" ಎಂದ ಕಾಂತರಾಜ್.

"ಹೌದು."

"ಇವ್ರಿಗೆಲ್ಲ ಬಂಗಾರದ್ದು?"

"ಹೌದಪ್ಪ. ಅನುಮಾನ ಬಂದ್ರೆ ದಾಳ ಹಾಕು."

ಕಾಂತರಾಜ್ ಗೆಳೆಯನ ಮುಖವನ್ನೇ ನೋಡಿದ. ಏನನ್ನೋ ಕಾಯುವವನಂತೆ ಕೊಂಚ ಹೊತ್ತು ನೋಡಿದ. ಬಸವಕಿರಣ್ ಆಟದ ಹುಮ್ಮಸ್ಸಿನಲ್ಲಿ ಹುಬ್ಬು ಹಾರಿಸಿದ. "ಅನುಮಾನ ಏನಿಲ್ಲ. ಕುಡೀತೀನಿ" ಎಂದ ಕಾಂತರಾಜ್. ಮಹೇಂದ್ರ ತಲೆ ಚಚ್ಚಿಕೊಂಡ. ಭೈರ ಎರಡನೆಯ ಸಲ ಸತ್ತ.

ಎರಡನೆಯ ಸಲ ಎಬ್ಬಿಸಲು ಬಸವಕಿರಣ್ ಹರಿಹರದ ದೇವರನ್ನೇ ಹಿಡಿದ. ಗುಹಾಸುರ ಹರಿಯಿಂದಲೂ ಸಾಯದ, ಹರನಿಂದಲೂ ಸಾಯದ ವರ ಪಡೆದಾಗ ಇಬ್ಬರೂ ಅರ್ಧರ್ಧ ಸೇರಿ ಒಂದೇ ದೇಹವಾಗಿ ನಿಂತರಲ್ಲ, ಹಾಗೆ ಆಶಾಳ ವೈದ್ಯೆ ತನ್ನ ಅರ್ಧ ದೇಹವನ್ನು ಭೈರನಿಗೆ ಬಿಟ್ಟುಕೊಡುತ್ತಾಳೆ. ಬಲಗೈ ಅವಳದು, ಎಡಗೈ ಅವನದು. ಒಂದು ಹೆಜ್ಜೆ ಇಡಬೇಕೆಂದರೂ ಇಬ್ಬರೂ ಒಪ್ಪಬೇಕು. ಇಂಥ ಕಲ್ಪನೆ ಯಾವ ಪುಸ್ತಕದಲ್ಲೂ ಇಲ್ಲ ಎಂದು ಅವನು ಬೀಗಿದ. ಇಲ್ಲ ನಿಜ, ಹೊಗಳಲೇಬೇಕು. ಆದರೆ ನಾಲ್ಕು ವರ್ಷ ಪಡೆ ನಡೆಸಿದ ದಳವಾಯಿ ಈಗ ಒಬ್ಬ ಹೆಂಗಸಿನ ಎಡಭಾಗವಾಗಿ ಉಳಿದಿದ್ದ. ಬಲಗೈ ಊಟ ಮಾಡುವಾಗ ಎಡಗೈ ಸುಮ್ಮನೆ ಮಡಿಲಲ್ಲಿರುತ್ತಿತ್ತು.

ಕಾಂತರಾಜ್ ಒಂದು ವಾರ ಹಾಗೇ ಆಡಿದ. ಮರುವಾರ, ಯಾವ ಯುದ್ಧವೂ ಇಲ್ಲದ ಹೊತ್ತಿನಲ್ಲಿ, "ಆಶಾ, ನನ್ನ ಅರ್ಧನೂ ನೀನೇ ಇಟ್ಕಳವ್ವ" ಎಂದ.

"ಅಯ್ಯೋ, ಅಂದ್ರೆ ನೀನು?"

"ನಾನು ಇಳಿದು ಹೋಗ್ತೀನಿ. ಒಂದು ಮೈಯಾಗೆ ಇಬ್ಬರು ಇರಾಕ ಆಗಲ್ಲ. ಒಬ್ರು ಬಾಡಿಗೆಗೆ ಇದ್ದಂಗೆ ಆಗತೈತೆ."

ಭೈರ ಮೂರನೆಯ ಸಲ ಸತ್ತ. ಕಾಂತರಾಜ್ ನಾಲ್ಕು ಗಂಟೆಯಾಗುವ ಮೊದಲೇ ಎದ್ದು ಹೋದ. ಆಮೇಲೆ ಬಸವಕಿರಣ್ ಎಷ್ಟು ಫೋನ್ ಮಾಡಿದರೂ ಅವನು ಎತ್ತಲಿಲ್ಲ.

ಮುಂದಿನ ಭಾನುವಾರ, ನಾಲ್ಕು ವರ್ಷದಲ್ಲಿ ಮೊದಲ ಸಲ, ಮೇಜಿನ ಒಂದು ಬದಿ ಖಾಲಿ ಇತ್ತು. ಬಸವಕಿರಣ್ ಅದಕ್ಕೂ ಒಂದು ಉಪಾಯ ಹೂಡಿದ. ಊರುಗಳಲ್ಲಿ ಮೈಮೇಲೆ ದೇವರು ಬರುವಂತೆ ಭೈರ ಮಹೇಂದ್ರನ ಕಳ್ಳನ ಮೈಮೇಲೆ ಬರುತ್ತಾನೆ, ಬಂದು ದಾರಿ ಹೇಳುತ್ತಾನೆ. ಮಹೇಂದ್ರ ಕಣ್ಣು ಮೇಲೆ ಮಾಡಿ, ತಲೆ ತೂಗಿ, ಕಾಂತರಾಜ್‌ನ ಹದಡಿಯ ಮಾತನ್ನು ಎಳೆದೆಳೆದು ಆಡತೊಡಗಿದ. ಕಾಂತರಾಜ್ ಬೀಡಿಯಂತೆ ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಳ್ಳುವುದನ್ನೂ ಮಾಡಿ ತೋರಿಸಿದ. ಆಶಾ ಮೊದಲು ತಡೆದುಕೊಂಡಳು, ಆಮೇಲೆ ನಕ್ಕಳು. ಎಲ್ಲರಿಗಿಂತ ಜೋರಾಗಿ ನಕ್ಕವನು ಬಸವಕಿರಣ್.

ಆಗಲೇ ಶಕುಂತಲಮ್ಮ ಚಹಾ ತಂದರು. ತಟ್ಟೆಯಲ್ಲಿ ಸ್ಟೀಲ್ ಲೋಟಗಳಿದ್ದವು.

"ಕಪ್ಪು ಖಾಲಿ ಆಗಿದ್ವೇನವ್ವ?" ಎಂದ ಬಸವಕಿರಣ್, ಇನ್ನೂ ನಗುತ್ತ.

"ಪ್ಯಾಕೆಟ್ ಹಂಗೇ ಐತೆ. ಇವತ್ತು ಬರೇ ನಮ್ಮೋರೇ ಅಲ್ಲೇನು, ಅದಕ್ಕೆ ಲೋಟದಾಗೇ ತಂದೆ" ಎಂದು ಶಕುಂತಲಮ್ಮ ಸಹಜವಾಗಿ ಹೇಳಿ, ಮೆಣಸಿನಕಾಯಿ ತಟ್ಟೆಯನ್ನು ಆಶಾಳ ಕಡೆ ಸರಿಸಿ, ಕೆಳಗೆ ಹೋದರು. ಅವರ ದನಿಯಲ್ಲಿ ಕೆಡುಕೇನೂ ಇರಲಿಲ್ಲ. ಅದೇ ದೊಡ್ಡ ಕೆಡುಕು.

ಮಹೇಂದ್ರ ಲೋಟ ಎತ್ತಿ ಸುರ್ ಎಂದು ಕುಡಿದ. ಆಶಾ ತನ್ನ ಲೋಟವನ್ನು ನೋಡಿದಳು, ಆಮೇಲೆ ಬಸವಕಿರಣ್‌ನನ್ನು ನೋಡಿದಳು. "ನಿಂಗೆ ಗೊತ್ತಿರ್ಲಿಲ್ವಾ?" ಎಂದಳು.

"ಏನು?"

"ಏನಿಲ್ಲ ಬಿಡು."

ಅವಳಿಗೆ ಗೊತ್ತಿತ್ತು. ಮಹೇಂದ್ರನಿಗೂ ಗೊತ್ತಿತ್ತು, ಅವನ ಮನೆಯಲ್ಲೂ ಅದೇ ನಡೆ. ಬಸವಕಿರಣ್ ತನ್ನ ಮುಂದಿನ ಚಹಾ ಮುಟ್ಟಲಿಲ್ಲ. ಅದರ ಮೇಲೆ ಕೆನೆ ಕಟ್ಟಿತು. ಮೊದಲ ಆರು ತಿಂಗಳು ಅವರು ಮೂವರೇ ಆಡುತ್ತಿದ್ದಾಗ ಲೋಟದಲ್ಲೇ ಚಹಾ ಬರುತ್ತಿದ್ದದ್ದು, ಕಾಂತರಾಜ್ ಸೇರಿದ ವಾರವೇ ಅವ್ವ "ಬರುವಾಗ ಒಂದು ಪ್ಯಾಕೆಟ್ ಕಪ್ಪು ತಗಂಬಾ" ಎಂದದ್ದು, ಎಲ್ಲ ಒಂದೊಂದಾಗಿ ಎದ್ದು ಬಂತು. ತನಗೆ ಗೊತ್ತೇ ಇರಲಿಲ್ಲ ಎಂದು ಅವನು ತನಗೇ ಹೇಳಿಕೊಂಡ. ಮನುಷ್ಯ ತನಗೆ ತಾನು ಹೇಳಿಕೊಳ್ಳುವ ಸುಳ್ಳಿಗೆ ದಾಳ ಹಾಕಬೇಕಿಲ್ಲ, ಅದು ಯಾವಾಗಲೂ ಗೆಲ್ಲುತ್ತದೆ.

ಅವತ್ತೇ ಕೆಳಗಿಳಿದು ಅವ್ವನ ಹತ್ತಿರ ಮಾತಾಡಬಹುದಿತ್ತು. ಮಾತಾಡಲಿಲ್ಲ. ಬದಲಿಗೆ ಅಂಗಡಿಯಲ್ಲಿ ಕೂತು, ಗಿರಾಕಿಗಳ ನಡುವೆ, ನಾಲ್ಕು ದಿನ ಬರೆದ. ಭೈರನನ್ನು ಎಬ್ಬಿಸುವ ನಾಲ್ಕನೆಯ ದಾರಿ, ಇದುವರೆಗಿನದಕ್ಕೆಲ್ಲ ಕಳಶ ಇಡುವಂಥದ್ದು. ಬರೆಯುತ್ತ ಬರೆಯುತ್ತ ಕಣ್ಣು ಒರೆಸಿಕೊಂಡ. ತಾನು ಒಳ್ಳೆಯವನೆಂದು ಅನ್ನಿಸಿ ಬಂದ ಕಣ್ಣೀರು ಅದು.

ಭಾನುವಾರ ಆಟ ಇಲ್ಲ ಎಂದು ಉಳಿದಿಬ್ಬರಿಗೆ ತಿಳಿಸಿ, ಹಾಳೆಗಳ ಫೈಲು ಹಿಡಿದು ಬೈಕಿನಲ್ಲಿ ಹರಿಹರಕ್ಕೆ ಹೋದ. ಸೇತುವೆಯ ಈಚೆ, ಹೊಳೆಗೆ ಇಳಿಯುವ ರಸ್ತೆಯಲ್ಲಿ ಕಾಂತರಾಜ್‌ನ ಮನೆ. ನಾಲ್ಕು ವರ್ಷದಲ್ಲಿ ಬಸವಕಿರಣ್ ಅಲ್ಲಿಗೆ ಬಂದದ್ದು ಇದೇ ಮೊದಲು. ಎರಡು ಕಡೆ ವಿಳಾಸ ಕೇಳಬೇಕಾಯಿತು.

ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ನಕ್ಷೆ ಬರೆದಿತ್ತು. ಹೊಳೆ, ಗುಡ್ಡ, ಒಂದು ಊರು. ಪಕ್ಕದಲ್ಲಿ ದಾಳಗಳಿದ್ದವು. ಲುಂಗಿಯಲ್ಲಿ ಕೂತು ಗೆರೆ ತಿದ್ದುತ್ತಿದ್ದ ಕಾಂತರಾಜ್ ತಲೆ ಎತ್ತಿದ. ಆಶ್ಚರ್ಯಪಡಲಿಲ್ಲ. "ಬಾ, ಕೂಡು" ಎಂದ.

"ಇಲ್ಲಿ ಆಡಿಸ್ತಿದೀಯಾ?"

"ಫ್ಯಾಕ್ಟರಿ ದೋಸ್ತರು ಮೂವರು ಬರ್ತಾರೆ. ಐದು ಗಂಟೆಗೆ."

ಒಳಗಿನಿಂದ ಅವನ ಹೆಂಡತಿ ಭುವನೇಶ್ವರಿ ಬಂದು, "ಬರ್ರಿ ಅಣ್ಣ, ಇವರು ನಿಮ್ಮ ಸುದ್ದಿ ಭಾಳ ಹೇಳೋರು" ಎಂದು, ಚಹಾ ಮಾಡಿ ತಂದಳು. ಶೋಕೇಸಿನಿಂದ ತೆಗೆದು ತೊಳೆದ, ಹೂವಿನ ಚಿತ್ರದ ಪಿಂಗಾಣಿ ಕಪ್ಪು, ಸಾಸರು. ಮನೆಯಲ್ಲಿ ಅಂಥದು ಎರಡೇ ಇದ್ದಂತಿತ್ತು. ಕಾಂತರಾಜ್ ತನ್ನ ಚಹಾವನ್ನು ಗಾಜಿನ ಲೋಟದಲ್ಲಿ ಕುಡಿದ. ಬಸವಕಿರಣ್ ಒಂದು ಗುಟುಕೂ ಬಿಡದೆ ಕುಡಿದು, ಕಪ್ಪು ಕೆಳಗಿಟ್ಟು, ಗೆಳೆಯನ ಮುಖ ನೋಡಿದ.

"ಏನ್ ನೋಡ್ತಿ?" ಎಂದ ಕಾಂತರಾಜ್. "ಕುಡಿದಿದ್ದಕ್ಕ ಬಹುಮಾನ ಕೊಡ್ಲಾ?"

ಬಸವಕಿರಣ್‌ನ ಕಿವಿ ಕೆಂಪಾದವು. ಮಾತು ತಪ್ಪಿಸಲು ಫೈಲು ತೆರೆದು, ಬರೆದು ತಂದದ್ದನ್ನು ಓದಿದ. ಏಳನೆಯ ಕೋಟೆಯ ಸಿಂಹಾಸನ ನೂರು ವರ್ಷದಿಂದ ಖಾಲಿಯಾಗಿದೆ. ಮೂರು ಸಲ ಸತ್ತವನು ಮಾತ್ರ ಅದರ ಮೇಲೆ ಕೂರಬಹುದೆಂದು ಶಾಸನವಿದೆ. ಅದನ್ನು ಓದಿದ ಜನ ಹೊಳೆಯ ದಂಡೆಗೆ ಹೋಗಿ ಭೈರನ ಹೆಸರು ಕೂಗುತ್ತಾರೆ, ಭೈರ ನೀರಿನಿಂದ ಎದ್ದು ಬರುತ್ತಾನೆ. ಪಟ್ಟಾಭಿಷೇಕದ ದಿನ ರಾಜ್ಯದ ಬಂಗಾರದ ಬಟ್ಟಲುಗಳನ್ನೆಲ್ಲ ಕರಗಿಸಿ ಒಂದೇ ಹಂಡೆ ಮಾಡಿಸುತ್ತಾರೆ. ಎಲ್ಲರೂ ಅದರಿಂದಲೇ ಕುಡಿಯುತ್ತಾರೆ.

ಕಾಂತರಾಜ್ ಪೂರ್ತಿ ಕೇಳಿದ. "ಚಲೋ ಬರೆದಿ" ಎಂದ. "ಯಾವಾಗ ಗೊತ್ತಾತು?"

"ಹೋದ ಭಾನುವಾರ. ಅವ್ವ ಲೋಟದಾಗೆ ತಂದಿದ್ಲು. ಆಣೆ ಮಾಡಿ ಹೇಳ್ತೀನಿ ಕಣಲೇ, ಅದಕ್ಕೂ ಮುಂಚೆ ನಂಗೆ ಗೊತ್ತಿರ್ಲಿಲ್ಲ."

"ನಾನು ನೀರು ಕುಡಿಯಾಕ ಕೆಳಗೆ ಇಳಿದ ದಿನ ನೆನಪೈತಾ?"

ಬಸವಕಿರಣ್ ಫೈಲು ಮುಚ್ಚಿದ.

"ಹಲಗೆ ಮ್ಯಾಲೆ ಲೋಟ ಬೋರಲು ಹಾಕಿದ್ವು. ನಾನೇ ಒಂದು ತಗಣಾಕ ಕೈ ಚಾಚಿದೆ. ನಿಮ್ಮವ್ವ ಓಡಿ ಬಂದು, ತಡಿಯಪ್ಪ ತಡಿಯಪ್ಪ, ಕಪ್ಪು ಕೊಡ್ತೀನಿ ಅಂದ್ರು. ಹುಡುಕಿದ್ರು, ಸಿಗಲಿಲ್ಲ. ಕೈ ಹಂಗೇ ಚಾಚಿ ನಿಂತಿದ್ದೆ. ಆಗ ಮ್ಯಾಲಿಂದ ನೀನು ಕೂಗಿದಿ. ಅವ್ವಾ, ಕಪ್ಪಿನ ಪ್ಯಾಕೆಟ್ ಫ್ರಿಜ್ಜಿನ ಮ್ಯಾಲೈತೆ ಅಂತ."

ಹೊರಗೆ ಯಾವುದೋ ಲಾರಿ ಹಾರ್ನ್ ಹೊಡೆಯುತ್ತ ಹೋಯಿತು. ಬಸವಕಿರಣ್‌ಗೆ ಆ ಕೂಗು ನೆನಪಾಯಿತು, ದನಿಸಮೇತ ನೆನಪಾಯಿತು. ಸಹಾಯ ಮಾಡುವ ಹುಡುಗನ ಉತ್ಸಾಹದಲ್ಲಿ ಕೂಗಿದ್ದ.

"ನಂಗೂ ಮೊದಲಿಂದ ಗೊತ್ತಿತ್ತು ಬಿಡು" ಎಂದ ಕಾಂತರಾಜ್. "ಆಟ ಚಲೋ ಇತ್ತು. ಮ್ಯಾಲೆ ಕುಂತಾಗ ನಾನು ದಳವಾಯಿ. ಅದಕ್ಕೇ ಸುಮ್ಮನೆ ಕುಡಿದೆ. ಮಣ್ಣಿನ ಬಟ್ಟಲು ಕೊಟ್ಟಿ ನೋಡು, ಅವತ್ತು ನಿಂಗೆ ತಿಳೀತು ಅನ್ಕಂಡೆ. ನಮ್ಮವ್ವನ ತಪ್ಪು ನಂಗೆ ಗೊತ್ತೈತೆ ಅಂತ ಕಥೆಯಾಗೆ ನೀನೇ ಹೇಳ್ತಿದೀಯ ಅನ್ಕಂಡೆ. ಮುಖ ನೋಡಿದೆ. ನೀನು ಹುಬ್ಬು ಹಾರಿಸಿದಿ."

"ತಪ್ಪಾತು ಕಣೋ. ಅದಕ್ಕೇ ಬಂದೀನಿ. ಈ ಸಲ ಭೈರ ರಾಜ ಆಗಿ..."

"ಸತ್ತೋನನ್ನ ಎಬ್ಬಿಸಾಕ ಯಮಲೋಕಕ್ಕೆ ಹೋದಿ. ದೇವ್ರ ಅರ್ಧ ಮೈ ಕಿತ್ತು ತಂದಿ. ಈಗ ಸಿಂಹಾಸನ ತಂದಿ." ಕಾಂತರಾಜ್‌ನ ದನಿ ಏರಲಿಲ್ಲ. "ನಿಮ್ಮ ಮನೆ ಮೆಟ್ಟಿಲು ಹನ್ನೆರಡು ಅದಾವೆ. ನಾಲ್ಕು ವರ್ಷದಾಗೆ ಒಂದು ದಿನ ಅವನ್ನ ಇಳಿದು ಹೋಗಿ, ಅವ್ವಾ ಲೋಟದಾಗೆ ಕೊಡು ಅನ್ನಲಿಲ್ಲ."

ಬಸವಕಿರಣ್ ಖಾಲಿ ಕಪ್ಪನ್ನು ಸಾಸರಿನ ನಡುವೆ ಸರಿಯಾಗಿ ಇಟ್ಟ.

"ಇವತ್ತು ಹೋಗಿ ಕೇಳ್ತೀಯಾ? ಕೇಳ್ತೀನಿ ಅನ್ನು, ಮುಂದಿನ ವಾರನೇ ಬರ್ತೀನಿ. ರಾಜ ಬ್ಯಾಡ, ಕುದುರೆ ಕಾಯೋನಾಗಿ ಬರ್ತೀನಿ."

ಒಂದೇ ಒಂದು ಮಾತು ಬೇಕಾಗಿತ್ತು. ಏಳು ಕೋಟೆಗಳಿಗೆ ಮಾತಿನಲ್ಲೇ ಕಲ್ಲು ಹೊತ್ತು ಹಾಕಿದವನ ಬಾಯಲ್ಲಿ ಆ ಒಂದು ಮಾತು ಹೊರಡಲಿಲ್ಲ. "ಅವ್ವಂಗೆ ವಯಸ್ಸಾಗೈತೆ ಕಾಂತ... ಬಿ.ಪಿ. ಐತೆ... ಅಪ್ಪನೂ ಇರ್ತಾರೆ... ನಿಧಾನಕ್ಕೆ ಹೇಳಿ ನೋಡ್ತೀನಿ..." ಎಂದ.

"ಆತು ಬಿಡು" ಎಂದ ಕಾಂತರಾಜ್. ನಿರಾಶೆಯೂ ಇರಲಿಲ್ಲ ಆ ದನಿಯಲ್ಲಿ, ಅದು ಮೊದಲೇ ಖರ್ಚಾಗಿ ಹೋಗಿತ್ತು. "ಭೈರನ ಹಾಳೆ ತಂದೀಯಾ?"

ಪಾತ್ರಗಳ ಹಾಳೆ ಮಾಸ್ತರನ ಫೈಲಿನಲ್ಲೇ ಇರಬೇಕೆಂಬುದು ಅವರ ಆಟದ ಪದ್ಧತಿ. ಬಸವಕಿರಣ್ ಹುಡುಕಿ ತೆಗೆದು ಕೊಟ್ಟ. ನಾಲ್ಕು ವರ್ಷ ರಬ್ಬರಿನಲ್ಲಿ ಅಳಿಸಿ ಬರೆದು, ಅಳಿಸಿ ಬರೆದು ಹಾಳೆ ಬಟ್ಟೆಯಂತೆ ಮೆತ್ತಗಾಗಿತ್ತು. ಕಾಂತರಾಜ್ ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಇಟ್ಟುಕೊಂಡ.

"ಇನ್ನ ಎಬ್ಬಿಸಬ್ಯಾಡ. ಅವನಿಗೂ ಸಾಕಾಗೈತೆ."

"ನಿನ್ನ ಆಟದಾಗೆ ಎಬ್ಬಿಸ್ತೀಯಾ?"

"ನಮ್ಮ ಆಟದಾಗೆ ಸತ್ತೋರು ಸತ್ತಂಗೆ. ಹೋಗ್ತೀನಿ ಅಂದೋರನ್ನ ಹೋಗಾಕ ಬಿಡ್ತೀವಿ" ಎಂದು ಕಾಂತರಾಜ್ ಸೀಮೆಸುಣ್ಣ ಕೈಗೆ ತೆಗೆದುಕೊಂಡು ನಕ್ಷೆಯ ಕಡೆ ತಿರುಗಿದ.

ಬಸವಕಿರಣ್ ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡೇ ಬಂದಿದ್ದ. ಉಜ್ಜನಪ್ಪ ಹಾಲಿನಲ್ಲಿ ಪೇಪರು ಓದುತ್ತಿದ್ದರು. ಅಡುಗೆಮನೆಯಲ್ಲಿ ಶಕುಂತಲಮ್ಮ ಪಾತ್ರೆ ಒರೆಸುತ್ತಿದ್ದರು. ಅವನು ಬಾಗಿಲಲ್ಲಿ ನಿಂತ.

"ಬಂದ್ಯಾ? ಮುಂದಿನ ವಾರ ಆಟ ಐತೇನಪ್ಪ? ಲೋಟ ಇಡ್ಲಾ, ಕಪ್ಪು ಇಡ್ಲಾ?"

ಅವ್ವ ತಾನಾಗಿಯೇ ಬಾಗಿಲು ತೆಗೆದು ಕೊಟ್ಟಿದ್ದರು. ಇಂಥ ಅವಕಾಶ ದಾಳದಲ್ಲಿ ಇಪ್ಪತ್ತು ಬಿದ್ದ ಹಾಗೆ. ಫ್ರಿಜ್ಜಿನ ಮೇಲೆ ಕಪ್ಪಿನ ಪ್ಯಾಕೆಟ್ ಇನ್ನೂ ಇತ್ತು. ಬಸವಕಿರಣ್ ಅದನ್ನು ನೋಡಿದ, ಅವ್ವನ ಕೈಯನ್ನು ನೋಡಿದ, ಹಾಲಿನಲ್ಲಿ ಅಪ್ಪ ಪೇಪರು ಮಗುಚಿದ ಸದ್ದು ಕೇಳಿಸಿಕೊಂಡ.

"ಲೋಟನೇ ಇಡವ್ವ" ಎಂದ. "ಕಾಂತರಾಜ ಬರಲ್ಲ."

"ಅಯ್ಯ, ಯಾಕಂತೆ? ಒಳ್ಳೆ ಹುಡುಗ ಪಾಪ."

"ಅವನ ದಳವಾಯಿ ಸತ್ತೋದ."

"ಸತ್ತೋರನ್ನ ನೀನು ಎಬ್ಬಿಸ್ತಿದ್ಯಲ್ಲೋ" ಎಂದು ಶಕುಂತಲಮ್ಮ ನಕ್ಕು, ಒರೆಸಿದ ಲೋಟಗಳನ್ನು ಒಂದೊಂದಾಗಿ ಹಲಗೆಯ ಮೇಲೆ ಬೋರಲು ಹಾಕಿದರು.

"ಈ ಸಲ ಆಗಲ್ಲವ್ವ" ಎಂದು ಬಸವಕಿರಣ್ ಫೈಲು ಹಿಡಿದುಕೊಂಡು ಮೆಟ್ಟಿಲು ಹತ್ತಿದ.